ಅಮೆರಿಕದ ಸರ್ಕಾರಿ ಸ್ಥಗಿತ: ಮುಚ್ಚಿದ್ದೆಲ್ಲ ಅನಗತ್ಯವೇ?

ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ ಸಕಾಲದಲ್ಲಿ ವೆಚ್ಚಕ್ಕೆ ಮಂಜೂರಾತಿ ನೀಡದಿದ್ದರೆ ಫೆಡರಲ್ ಸರ್ಕಾರದ ಅನೇಕ ಕಚೇರಿಗಳು ಮುಚ್ಚುತ್ತವೆ. ಈ ‘ಷಟ್‌ಡೌನ್’ 2025ರಲ್ಲಿ ಅಕ್ಟೋಬರ್ 1ರಿಂದ 43 ದಿನ ನಡೆಯಿತು. ಹೀಗೆ ಮುಚ್ಚಿದ ಕಚೇರಿಗಳೆಲ್ಲ ಅನಗತ್ಯವೆಂಬ ವಾದ ಪ್ರತಿ ಸಲವೂ ಏಳುತ್ತದೆ. ಆದರೆ ಆಗ ಯಾವುದು ನಡೆಯಬೇಕೆಂಬುದಕ್ಕೆ ಉಪಯುಕ್ತತೆ ಮಾನದಂಡವಲ್ಲ. ಪ್ರಾಣ, ಆಸ್ತಿಗಳಿಗೆ ತಕ್ಷಣದ ಅಪಾಯವಿದೆಯೇ, ವೆಚ್ಚಕ್ಕೆ ಬೇರೆ ಹಣವಿದೆಯೇ ಎಂಬುದೇ ಮುಖ್ಯ.

2025ರಲ್ಲಿ ಅರ್ಜಿದಾರರ ಶುಲ್ಕದಿಂದ ನಡೆಯುವ ವಲಸೆ ಸೇವಾ ಸಂಸ್ಥೆ ತೆರೆದೇ ಇತ್ತು. ಬೊಕ್ಕಸವನ್ನು ನೆಚ್ಚಿದ ಕಾರ್ಮಿಕ ಇಲಾಖೆಯ ವಿಭಾಗ ಮುಚ್ಚಿ, ನಮ್ಮ ಅನೇಕ ಯುವಕರಿಗೂ ಬೇಕಾದ ಎಚ್-1ಬಿ ವೀಸಾದ ಪೂರ್ವಭಾವಿ ದೃಢೀಕರಣ ಅಕ್ಟೋಬರ್ ಅಂತ್ಯದವರೆಗೆ ನಿಂತಿತು. 2013ರ ಸ್ಥಗಿತದಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಚಿಕಿತ್ಸಾ ಪ್ರಯೋಗಗಳಿಗೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. ಕೆಲ ದಿನ ತಡೆಯಬಲ್ಲ ಕೆಲಸ ಎಂದಿಗೂ ಬೇಡವಾದ ಕೆಲಸವಲ್ಲ.