ಡಾಕ್ಟರ್ ತಿದ್ದಿಕೊಂಡದ್ದು ಯಾವ ತಪ್ಪನ್ನು? 1963ರ ‘ಡಾಕ್ಟರ್ ಹೂ’ ಕುರಿತು ಸೆಲೆಟಾರ್‌ನಿಂದ ಒಂದು ಮರುಓದು

ಬಿಬಿಸಿಯ ‘ಡಾಕ್ಟರ್ ಹೂ’ 1963ರ ನವೆಂಬರ್ 23ರಂದು ಆರಂಭವಾದಾಗ ಅದರ ನಾಯಕ ಒಳ್ಳೆಯವನಾಗಿರಲಿಲ್ಲ. ವಿಲಿಯಂ ಹಾರ್ಟ್ನೆಲ್ ಅಭಿನಯಿಸಿದ ಆ ಮುದುಕ ತನ್ನ ಗುಟ್ಟು ರಟ್ಟಾದೀತೆಂದು ಇಬ್ಬರು ಶಾಲಾ ಶಿಕ್ಷಕರನ್ನು, ಇಯಾನ್ ಮತ್ತು ಬಾರ್ಬರಾರನ್ನು, ಅವರ ಇಚ್ಛೆಗೆ ವಿರುದ್ಧವಾಗಿ ಕಾಲಯಾನಕ್ಕೆ ಎಳೆದೊಯ್ಯುತ್ತಾನೆ. ಡಾಲೆಕ್‌ಗಳ ನಗರವನ್ನು ನೋಡುವ ತವಕಕ್ಕೆ ವಾಹನ ಕೆಟ್ಟಿದೆಯೆಂದು ಸುಳ್ಳು ಹೇಳಿ ಎಲ್ಲರನ್ನೂ ವಿಕಿರಣಕ್ಕೆ ಒಡ್ಡುತ್ತಾನೆ. ವಾಹನದಲ್ಲಿ ನಿಜವಾಗಿಯೇ ದೋಷ ಕಾಣಿಸಿಕೊಂಡಾಗ ಶಿಕ್ಷಕರ ಮೇಲೆ ಸಂಚಿನ ಆರೋಪ ಹೊರಿಸಿ, ಅವರಿಗೆ ಮತ್ತು ಬರುವ ಪಾನೀಯ ಕುಡಿಸುತ್ತಾನೆ. ಇಬ್ಬರ ಒಡನಾಟದಲ್ಲಿ ಈತ ಕ್ರಮೇಣ ಮನುಷ್ಯನಾಗುತ್ತಾನೆ ಎಂಬುದು ರೂಢಿಯ ಓದು. ಜಾನ್ ಟಲಕ್ ಮತ್ತು ಮ್ಯಾನ್ಯುಯಲ್ ಅಲ್ವರಾಡೊ 1983ರಲ್ಲಿ ಪುಸ್ತಕ ಬರೆದಂದಿನಿಂದ ಧಾರಾವಾಹಿ ವಿದ್ವತ್ ಚರ್ಚೆಯ ವಸ್ತುವಾಗಿದೆ. 2013ರಲ್ಲಿ ಲಿಂಡಿ ಆರ್ಥಿಯಾ ಸಂಪಾದಿಸಿದ ‘ಡಾಕ್ಟರ್ ಹೂ ಆ್ಯಂಡ್ ರೇಸ್’ ಸಂಕಲನದ ನಂತರ ಜನಾಂಗದ ಪ್ರಶ್ನೆಯೂ ಮುನ್ನೆಲೆಗೆ ಬಂದಿದೆ. ಇವೆಲ್ಲ ತಿಳಿದ ಸಂಗತಿ.

ರೂಢಿಯ ಓದಿನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ ಅಂಶ. ಅದು ನಾಯಕನ ಸ್ವಾರ್ಥವನ್ನೂ ಪೂರ್ವಗ್ರಹವನ್ನೂ ಒಂದೇ ದೋಷದ ಎರಡು ಮುಖಗಳೆಂದು ಎಣಿಸುತ್ತದೆ. ಮೊದಲನೆಯದು ಕರಗಿದರೆ ಎರಡನೆಯದೂ ತಾನಾಗಿ ಕರಗಿತೆಂದು ಭಾವಿಸುತ್ತದೆ. ಮೊದಲ ಮೂರು ಕಥೆಗಳ 13 ಕಂತುಗಳನ್ನು ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ.

ಸ್ವಾರ್ಥದ ಕಥೆ ಸ್ಪಷ್ಟವಾಗಿದೆ. 1963ರ ಸೆಪ್ಟೆಂಬರ್ 27ರಂದು ಧ್ವನಿಚಿತ್ರ ಮುದ್ರಣವಾದ ಪೈಲಟ್ ಕಂತನ್ನು ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ತಿರಸ್ಕರಿಸಿದ. ಡಾಕ್ಟರ್ ತೀರಾ ಕಟುವಾಗಿದ್ದಾನೆ ಎಂಬುದು ಆತ ಕೊಟ್ಟ ಕಾರಣಗಳಲ್ಲೊಂದು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಮತ್ತು ನಿರ್ದೇಶಕ ವಾರಿಸ್ ಹುಸೇನ್ ಅಕ್ಟೋಬರ್ 18ರಂದು ಅದನ್ನು ಮತ್ತೆ ಮಾಡಿದರು. ಎರಡೂ ಆವೃತ್ತಿಗಳು ಉಳಿದಿವೆ. ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಸಾರವಾದ ಡಾಕ್ಟರ್‌ನ ಕುಹಕ ತಗ್ಗಿ, ಕಣ್ಣಲ್ಲಿ ತುಂಟತನ ಬಂದಿರುವುದು ಗೊತ್ತಾಗುತ್ತದೆ.

ಆದರೆ ಹೀಗೆ ಮೆದುಗೊಳಿಸಿದ ಆವೃತ್ತಿಯಲ್ಲೇ ಒಂದು ಮಾತಿದೆ. ಹೊರಗೆ ಪೊಲೀಸ್ ಪೆಟ್ಟಿಗೆಯಷ್ಟು ಚಿಕ್ಕದಾದ ವಾಹನ ಒಳಗೆ ಇಷ್ಟು ವಿಶಾಲವಾಗಿರುವುದನ್ನು ನಂಬಲಾರದೆ ನಿಂತ ಇಯಾನ್‌ಗೆ ಡಾಕ್ಟರ್, ಉಗಿಬಂಡಿಯನ್ನು ಮೊದಲ ಸಲ ಕಂಡು ಅದನ್ನು ಭ್ರಮೆಯೆಂದುಕೊಂಡ ‘ರೆಡ್ ಇಂಡಿಯನ್’ನ ಕಾಡುಮನಸ್ಸಿನ ಉದಾಹರಣೆ ಕೊಡುತ್ತಾನೆ. ಇಡೀ ವಿವಾದ ಈ ಮಾತನ್ನು ಹೇಗೆ ಓದಬೇಕೆಂಬುದರಲ್ಲಿದೆ.

ಸಮರ್ಥಕರ ವಾದ ಹಗುರವಾದದ್ದಲ್ಲ. ಮಾತಿನ ಗುರಿ ಇಂಗ್ಲಿಷ್ ಮೇಷ್ಟ್ರು; ಸಾಮ್ರಾಜ್ಯದ ಪ್ರಜೆಯನ್ನೇ ‘ಕಾಡುಮನುಷ್ಯ’ನ ಜಾಗದಲ್ಲಿ ನಿಲ್ಲಿಸಿರುವುದರಿಂದ ಇದು ವಿಡಂಬನೆ ಎನ್ನುತ್ತಾರೆ ಅವರು. ಎಚ್. ಜಿ. ವೆಲ್ಸ್ 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳಗ್ರಹದವರ ದಾಳಿಗೆ ಟಾಸ್ಮೇನಿಯದ ಮೂಲನಿವಾಸಿಗಳ ಸಂಹಾರವನ್ನು ಹೋಲಿಸಿದ್ದು ಇದೇ ತಂತ್ರದಿಂದ. ಆದರೆ ವೆಲ್ಸ್‌ನ ಹೋಲಿಕೆಯಲ್ಲಿ ಅಪರಾಧಕ್ಕೆ ಅಪರಾಧವೆಂದೇ ಹೆಸರು. ಡಾಕ್ಟರ್‌ನ ಉಗಿಬಂಡಿ ಬರೀ ಸೋಜಿಗದ ವಸ್ತು. ಅದೇ ರೈಲು ಅಮೆರಿಕದ ಬಯಲಿಗೆ ಸೈನಿಕರನ್ನೂ ವಲಸಿಗರನ್ನೂ ತಂದಿತು, ಕಾಡೆಮ್ಮೆಗಳ ಮಾರಣಹೋಮಕ್ಕೆ ದಾರಿಯಾಯಿತು. ಅದನ್ನು ಕಂಡು ಬೆದರಿದವನಿಗೆ ಬೆದರಲು ಕಾರಣವಿತ್ತು ಎಂಬ ಸುಳಿವು ಆ ಮಾತಿನಲ್ಲಿ ಎಲ್ಲೂ ಇಲ್ಲ. ಶಿಕ್ಷಕರನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದಾನೆ ನಿಜ, ಏಣಿಯನ್ನು ಮಾತ್ರ ಕದಲಿಸಿಲ್ಲ.

ಮುಂದಿನ ಮೂರು ಕಂತುಗಳು ಆ ಏಣಿಯನ್ನು ಇನ್ನಷ್ಟು ಭದ್ರ ಮಾಡುತ್ತವೆ. ಬೆಂಕಿ ಹೊತ್ತಿಸಲು ಬಾರದ ಶಿಲಾಯುಗದ ಕುಲವೊಂದರ ಕೈಗೆ ಪಯಣಿಗರೆಲ್ಲ ಸಿಕ್ಕಿಬೀಳುತ್ತಾರೆ. ತಪ್ಪಿಸಿಕೊಂಡು ಓಡುವಾಗ ಮೃಗದ ದಾಳಿಗೆ ಸಿಕ್ಕ, ಅದೇ ಕುಲದ ಝಾ ಎಂಬವನನ್ನು ಬಾರ್ಬರಾ ಬಿಟ್ಟುಹೋಗಲೊಪ್ಪಳು. ಡಾಕ್ಟರ್ ಚೂಪುಕಲ್ಲು ಎತ್ತಿಕೊಳ್ಳುತ್ತಾನೆ, ಇಯಾನ್ ಕೈ ಹಿಡಿಯುತ್ತಾನೆ, ದಾರಿಯ ನಕ್ಷೆ ಬರೆಸಲೆಂದು ಎತ್ತಿದೆ ಎನ್ನುತ್ತಾನೆ ಡಾಕ್ಟರ್. ವಿಮರ್ಶಕರು ಈ ಕಲ್ಲಿನ ಸುತ್ತಲೇ ಸಾಕಷ್ಟು ತಿರುಗಿದ್ದಾರೆ. ಕೊಲ್ಲಲು ಹೊರಟಿದ್ದನೆಂದೇ ನಾನೂ ನಂಬುತ್ತೇನೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಡಾಕ್ಟರ್‌ನ ಕೈ ತಡೆದ ಇಯಾನ್ ಆಮೇಲೆ ಮಾಡುವ ಕೆಲಸ. ಆತ ಬೆಂಕಿ ಹೊತ್ತಿಸಿ ತೋರಿಸುತ್ತಾನೆ, ಒಬ್ಬನಿಗಿಂತ ಇಡೀ ಕುಲದ ಬಲ ದೊಡ್ಡದೆಂದು ಝಾನಿಗೆ ಪಾಠ ಹೇಳುತ್ತಾನೆ. ಕೆಲವೇ ಗಂಟೆಗಳ ಹಿಂದೆ ‘ರೆಡ್ ಇಂಡಿಯನ್’ನ ಸ್ಥಾನದಲ್ಲಿದ್ದವನು ಈಗ ಡಾಕ್ಟರ್‌ನ ಸ್ಥಾನದಲ್ಲಿದ್ದಾನೆ. ನನ್ನ ವಾದವಿಷ್ಟು: ಡಾಕ್ಟರ್‌ನ ಸ್ವಾರ್ಥವನ್ನು ತಿದ್ದಿದವರು ಆತನ ಪೂರ್ವಗ್ರಹವನ್ನು ತಿದ್ದಲಾರರು, ಏಕೆಂದರೆ ಅವರ ಕಾಲಡಿಯಲ್ಲೂ ಅದೇ ಏಣಿ ಇದೆ. ಝಾನ ಬಗ್ಗೆ ಬಾರ್ಬರಾಳ ಕರುಣೆ ನಿಜವಾದದ್ದು, ಅದನ್ನು ಈ ಲೆಕ್ಕಕ್ಕೆ ಸೇರಿಸಲು ನಾನು ಹಿಂಜರಿಯುತ್ತೇನೆ. 1964ರ ‘ದಿ ಆಜ್ಟೆಕ್ಸ್’ ಕಥೆಯಲ್ಲಿ ನರಬಲಿ ನಿಲ್ಲಿಸಲು ಹೊರಡುವವಳು ಬಾರ್ಬರಾ, ತಡೆಯುವವನು ಡಾಕ್ಟರ್ ಎಂಬುದೂ ನನ್ನ ವಾದಕ್ಕೆ ತುಸು ತೊಡಕೇ.

ಕನ್ನಡ ಓದುಗರಿಗೆ ಈ ಅರೆ ಪಶ್ಚಾತ್ತಾಪ ಪರಿಚಿತ. ನಾಗಚಂದ್ರನ ರಾವಣ, ಬಿಎಂಶ್ರೀ ದುರಂತ ನಾಯಕನೆಂದು ಗುರುತಿಸಿದವನು, ಸೀತೆಯ ಮೇಲಿನ ಮೋಹಕ್ಕೆ ಮರುಗುತ್ತಾನೆ. ಆದರೂ ಗೆದ್ದ ಮೇಲೆಯೇ ಒಪ್ಪಿಸುತ್ತೇನೆಂಬ ಛಲ ಬಿಡುವುದಿಲ್ಲ. ಕವಿಗೆ ಆ ಉಳಿದ ದೋಷ ಕಂಡಿದೆ, ಅದರಿಂದಲೇ ದುರಂತ. 1964ರ ಫೆಬ್ರವರಿಯಲ್ಲಿ ಡಾಕ್ಟರ್ ತಾನು ಹೊರಿಸಿದ ಆರೋಪಕ್ಕೆ ಬಾರ್ಬರಾಳ ಕ್ಷಮೆ ಕೇಳುವಾಗ, ಉಳಿದದ್ದೊಂದಿದೆ ಎಂಬ ಅರಿವು ಬರೆದವರಿಗೆ ಇದ್ದಂತೆ ತೋರುವುದಿಲ್ಲ.

ಏಕಿರಲಿಲ್ಲ ಎಂಬುದಕ್ಕೆ ಒಂದು ದಾಖಲೆ ನೆರವಾಗುತ್ತದೆ. ಸಿ. ಇ. ವೆಬರ್ ಸಿದ್ಧಪಡಿಸಿದ ಆರಂಭದ ರೂಪರೇಖೆಯಲ್ಲಿ ಡಾಕ್ಟರ್ ತನ್ನ ಕಾಲವನ್ನೂ ಅದರ ವಿಜ್ಞಾನವನ್ನೂ ದ್ವೇಷಿಸಿ ಗತಕಾಲದಲ್ಲಿ ಆದರ್ಶ ಹುಡುಕುವವನು. ಇಂಥ ಪ್ರಗತಿವಿರೋಧಿ ತನಗೆ ಬೇಡವೆಂದು ನ್ಯೂಮನ್ ಅದರ ಮೇಲೆಯೇ ಟಿಪ್ಪಣಿ ಬರೆದ. ಅಂದರೆ ನಾಯಕ ವಿಜ್ಞಾನವನ್ನು ಹೀಗಳೆಯದಂತೆ ಕಾವಲಿತ್ತು, ಜನರನ್ನು ಹೀಗಳೆದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಟಿಪ್ಪಣಿಯ ಮೇಲೆ ಇಷ್ಟು ಭಾರ ಹೊರಿಸಬಹುದೇ ಎಂದು ಕೇಳುವವರಿಗೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ.

ಈ ಕುರುಡಿನ ಹಿಂದಿನ ಕಾಲವನ್ನು ಸಿಂಗಪುರದ ಸೆಲೆಟಾರ್‌ನಲ್ಲಿ ಬೀದಿಫಲಕಗಳಲ್ಲೇ ಓದಬಹುದು. 1920ರ ದಶಕದ ಕೊನೆಗೆ ಬ್ರಿಟಿಷರು ಕಟ್ಟಿದ ಈ ವಾಯುನೆಲೆಯ ರಸ್ತೆಗಳು ಇಂದಿಗೂ ಪಿಕಾಡಿಲಿ, ಪಾರ್ಕ್ ಲೇನ್, ಲ್ಯಾಂಕಾಸ್ಟರ್ ಗೇಟ್. ಸಿಂಗಪುರ ಮಲೇಷ್ಯಾವನ್ನು ಸೇರಿದ್ದು 1963ರ ಸೆಪ್ಟೆಂಬರ್ 16ರಂದು, ಪೈಲಟ್ ಕಂತು ಮುದ್ರಣವಾದದ್ದು ಅದಾಗಿ 11 ದಿನಕ್ಕೆ. ಧ್ವಜ ಇಳಿದ ಮೇಲೂ ನೆಲೆ ಬ್ರಿಟಿಷರ ಕೈಯಲ್ಲೇ ಇತ್ತು. ಊರಿನ ಹೆಸರನ್ನು ಹಂಚಿಕೊಂಡ ಒರಾಂಗ್ ಸೆಲೆಟಾರ್ ಜನ ಕಾಂಡ್ಲಾಕಾಡಿನ ತೊರೆಗಳಲ್ಲಿ ದೋಣಿಯ ಮೇಲೆ ಬಾಳಿದವರು. 1847ರಲ್ಲಿ ಲೋಗನ್ ಮತ್ತು ಥಾಮ್ಸನ್ ಎಂಬವರು ಬರೆದ ಲೇಖನಗಳು ಅವರನ್ನು ನಾಗರಿಕತೆಯ ತೀರಾ ಕೆಳಹಂತದಲ್ಲಿಟ್ಟವು. ಇಂದು ಅವರ ಊರುಗಳಿರುವುದು ಜಲಸಂಧಿಯ ಆಚೆ, ಜೊಹೊರ್ ಕರಾವಳಿಯಲ್ಲಿ. ಸೆಲೆಟಾರ್‌ಗೂ ಧಾರಾವಾಹಿಗೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆ ಲೇಖನಗಳ ಏಣಿಯೇ 116 ವರ್ಷಗಳ ನಂತರ ಮಕ್ಕಳ ಮನರಂಜನೆಯಲ್ಲಿ, ಯಾರ ಕಣ್ಣನ್ನೂ ಚುಚ್ಚದೆ, ಕೆಲಸ ಮಾಡುತ್ತಿದೆ ಎನ್ನುವುದಷ್ಟೇ ನನ್ನ ಮಾತು.

ಧಾರಾವಾಹಿ ತನ್ನ ಹಳೆಯ ನಾಯಕನನ್ನು ಹೇಗೆ ನೆನಪಿಟ್ಟುಕೊಂಡಿತು ಎಂಬುದೂ ಇದನ್ನೇ ಸೂಚಿಸುತ್ತದೆ. 2017ರ ಕ್ರಿಸ್‌ಮಸ್ ಕಂತಿನಲ್ಲಿ ಡೇವಿಡ್ ಬ್ರಾಡ್ಲಿ ನಟಿಸಿದ ಮೊದಲ ಡಾಕ್ಟರ್ ಹೆಂಗಸರ ಬಗ್ಗೆ ಹಳೆಯ ಕಾಲದ ಮಾತಾಡಿ ನಗೆಪಾಟಲಾಗುತ್ತಾನೆ. ಎದುರಿಗಿರುವ ಬಿಲ್ ಕಪ್ಪು ಯುವತಿ, ಆಕೆಯ ಬಣ್ಣದ ಬಗ್ಗೆ ಮಾತ್ರ ಚಕಾರವಿಲ್ಲ. ನಕ್ಕು ಮುಗಿಸಬಹುದಾದ ಪೂರ್ವಗ್ರಹವನ್ನು ಆರಿಸಿಕೊಂಡರೆಂದು ನನ್ನ ಅನುಮಾನ.

ವಾರಿಸ್ ಹುಸೇನ್ ಪಾತ್ರವೇನು ಎಂಬುದು ಇನ್ನೂ ಬಿಡಿಸಬೇಕಾದ ಗಂಟು. ಲಖನೌದಲ್ಲಿ ಹುಟ್ಟಿದ ಆತನಿಗೆ ಆಗ 24 ವರ್ಷ. ಮೊದಲ ಕಥೆಯ ಸಂಭಾಷಣೆ ಆಂಟನಿ ಕೋಬರ್ನ್ ಹೆಸರಿನಲ್ಲಿದೆ, ನಿರ್ದೇಶಕನನ್ನು ಅದಕ್ಕೆ ಹೊಣೆ ಮಾಡಲಾಗದು. ಆತನೇ ಬಹುಪಾಲು ನಿರ್ದೇಶಿಸಿದ ‘ಮಾರ್ಕೊ ಪೋಲೊ’ದಲ್ಲಿ ಡಾಕ್ಟರ್ ಕುಬ್ಲಾಯ್ ಖಾನನೊಂದಿಗೆ ಸರಿಸಮನಾಗಿ ಕೂತು ಪಗಡೆಯಂಥ ಆಟವಾಡುತ್ತಾನೆ. ಆ ಸಮಾನತೆ ಏಷ್ಯಾದವನಿಗೆ ಸಂದದ್ದೇ, ಬರೀ ಚಕ್ರವರ್ತಿಗೆ ಸಂದದ್ದೇ ಎಂದು ತಿಳಿಯಲು ನಟರ ಮುಖ ನೋಡಬೇಕು. ಅದರ ಏಳೂ ಕಂತುಗಳು ಕಳೆದುಹೋಗಿವೆ. ಧ್ವನಿಮುದ್ರಿಕೆಯೂ ಕೆಲವು ಸ್ಥಿರಚಿತ್ರಗಳೂ ಉಳಿದಿವೆ.