ಚಕ್ಕಡಿಯ ಲೆಕ್ಕ, ಲಾರಿಯ ಲೆಕ್ಕ

ಸ್ವಂತ ಲಾರಿ ಇಟ್ಟವರು ಲಾಭ ನಷ್ಟವನ್ನು ಎರಡು ಬಗೆಯಲ್ಲಿ ನೋಡಬಹುದು. ಒಂದು ಟ್ರಿಪ್ಪಿನ ಲೆಕ್ಕ: ಬಂದ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಡ್ರೈವರನ ಭತ್ತೆ, ಹಮಾಲಿ, ಏಜೆಂಟರ ಕಮಿಷನ್ ಕಳೆದು ಉಳಿದದ್ದೆಲ್ಲ ಗಳಿಕೆ. ಇನ್ನೊಂದು ಗಾಡಿಯ ಪೂರ್ತಿ ಆಯುಷ್ಯದ ಲೆಕ್ಕ: ಟೈರಿನ ಸವೆತ, ಗಾಡಿಯ ಸವಕಳಿ, ಬಡ್ಡಿ, ವಿಮೆ, ತೆರಿಗೆ, ಲೋಡಿಗಾಗಿ ಕಾದ ದಿನಗಳು, ಖಾಲಿ ಓಡಿದ ಹಾದಿ ಎಲ್ಲವೂ ಅದರೊಳಗೆ ಬರುತ್ತವೆ. ಹುಬ್ಬಳ್ಳಿ ಸೀಮೆಯಲ್ಲಿ ಮೊದಲನೆಯ ಲೆಕ್ಕ ಲಾರಿಗಿಂತ ಹಳೆಯದು.

ಈ ಭಾಗದ ಎರೆಹೊಲಗಳ ಹತ್ತಿ 19ನೆಯ ಶತಮಾನದ ನಡುಭಾಗದಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಮೊದಲು ಹೇರೆತ್ತುಗಳ ಮೇಲೆ, ರಸ್ತೆಗಳಾದ ಮೇಲೆ ಚಕ್ಕಡಿಗಳಲ್ಲಿ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಾದಾಗ ಧಾರವಾಡದ ಹತ್ತಿಗೆ ಬೇಡಿಕೆ ಏರಿತು, ಚಕ್ಕಡಿಗೂ ಬಾಡಿಗೆ ಏರಿತು. ಸುಗ್ಗಿ ಮುಗಿದು ಮುಂಗಾರು ಬರುವವರೆಗೆ ಎತ್ತಿಗೆ ಹೊಲದಲ್ಲಿ ಹೆಚ್ಚು ಕೆಲಸವಿಲ್ಲ. ಮೇವು ಮನೆಯದು, ಮೈಕೆಲಸವೂ ಮನೆಯವರದು. ಬಾಡಿಗೆಗೆ ಹೋಗದಿದ್ದರೂ ಎತ್ತನ್ನು ಸಾಕಲೇಬೇಕು. ಹಾದಿಖರ್ಚು ಕಳೆದು ಉಳಿದದ್ದನ್ನು ಗಳಿಕೆ ಎಂದುಕೊಂಡ ರೈತನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದ ಮೇಲೆ ದೂರದ ಸಾಗಾಟ ರೈಲಿನ ಪಾಲಾಯಿತು. ಚಕ್ಕಡಿಗೆ ಉಳಿದದ್ದು ಹೊಲದಿಂದ ಪೇಟೆಗೆ, ಪೇಟೆಯಿಂದ ಸ್ಟೇಷನ್ನಿಗೆ ಇರುವ ಹಾದಿ.

ಲಾರಿ ಬಂದಾಗ ಲೆಕ್ಕದ ಬುಡವೇ ಬದಲಾಗಬೇಕಿತ್ತು. ಲಾರಿಯ ಮೇವು ಹೊಲದಲ್ಲಿ ಬೆಳೆಯುವುದಿಲ್ಲ, ಸಾಲದ ಬಡ್ಡಿ ಸುಗ್ಗಿ ನೋಡಿ ನಿಲ್ಲುವುದಿಲ್ಲ. ಆದರೂ ಹಳೆಯ ಪದ್ಧತಿ ಮುಂದುವರಿದದ್ದಕ್ಕೆ ಬಲವಾದ ಕಾರಣವಿತ್ತು. 1939ರ ಮೋಟಾರು ವಾಹನ ಕಾಯಿದೆ ಸರಕು ಲಾರಿಗೆ ಪರ್ಮಿಟ್ ಕಡ್ಡಾಯ ಮಾಡಿ, ಅದು ಓಡಬಹುದಾದ ಪ್ರದೇಶಕ್ಕೆ ಮಿತಿ ಹಾಕಿತು. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹುಬ್ಬಳ್ಳಿಯಿಂದ ಪುಣೆಗೆ ಹೋಗುವುದೆಂದರೆ ಒಂದೇ ರಾಜ್ಯದೊಳಗಿನ ಓಡಾಟ. ಏಕೀಕರಣದ ನಂತರ ನಿಪ್ಪಾಣಿಯ ಆಚೆ ರಾಜ್ಯದ ಗಡಿ ಎದ್ದಿತು, ಹಳೆಯ ವ್ಯಾಪಾರದ ದಾರಿಗೆ ಇನ್ನೊಂದು ರಾಜ್ಯದ ಅನುಮತಿಯೂ ಬೇಕಾಯಿತು. ರಾಷ್ಟ್ರೀಯ ಪರ್ಮಿಟ್ ಬಂದದ್ದು 1975ರಲ್ಲಿ. ಅಲ್ಲಿಯವರೆಗೆ ಪರ್ಮಿಟ್ ಇದ್ದವರಿಗೆ ಪೈಪೋಟಿ ಕಡಿಮೆ, ಬಾಡಿಗೆ ಗಟ್ಟಿ. ಬರೆದಿಡದ ಖರ್ಚುಗಳೂ ಆ ಬಾಡಿಗೆಯಲ್ಲೇ ಹೇಗೋ ತುಂಬಿಹೋಗುತ್ತಿದ್ದವು.

1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣ ಸಾರಿಗೆದಾರರಿಗೂ ಆದ್ಯತೆಯ ಸಾಲ ಸಿಗತೊಡಗಿತು. ಒಂದೇ ಗಾಡಿಯ ಮಾಲೀಕ ಎಂಬ ವರ್ಗ ಬೆಳೆಯಲು ಈ ಸಾಲವೂ ನೆರವಾಯಿತು. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭಿಸಿದ ವ್ಯವಹಾರವೇ ಮುಂದೆ ಹುಬ್ಬಳ್ಳಿಯ ವಿಆರ್‌ಎಲ್ ಆಯಿತು. ಅದರ ಬೆಳವಣಿಗೆಯನ್ನು ಲೆಕ್ಕದ ದೃಷ್ಟಿಯಿಂದ ನೋಡುವುದು ಉಪಯುಕ್ತ. ಅದು ಹಿಡಿದ ಪಾರ್ಸೆಲ್ ಸಾಗಾಟದಲ್ಲಿ ನೂರಾರು ಗಿರಾಕಿಗಳ ಸರಕನ್ನು ಒಂದೆಡೆ ಕೂಡಿಸಿ ಗಾಡಿ ತುಂಬಿಸಬಹುದು, ಮರಳಿ ಬರುವಾಗಲೂ ತುಂಬಿಸಬಹುದು. ಹುಬ್ಬಳ್ಳಿಯ ಬಳಿ ವರೂರಿನಲ್ಲಿ ಬಾಡಿ ಕಟ್ಟುವ, ದುರಸ್ತಿ ಮಾಡುವ ಸ್ವಂತ ವ್ಯವಸ್ಥೆಯೂ ಆ ಕಂಪನಿಗಿದೆ. ಪೂರ್ತಿ ಲೋಡಿಗಾಗಿ ಏಜೆಂಟರ ಆಫೀಸಿನ ಮುಂದೆ ಕಾಯುವ ಒಂಟಿ ಮಾಲೀಕನಿಗೆ ಈ ಯಾವ ಅನುಕೂಲವೂ ಇಲ್ಲ.

1988ರ ಹೊಸ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದು ಪರ್ಮಿಟ್ ಪಡೆಯುವುದು ಸುಲಭವಾಯಿತು, ಪೈಪೋಟಿ ಹೆಚ್ಚಿತು. ಲೆಕ್ಕ ಬಿಗಿಯಾಗಬೇಕಾದ ಹೊತ್ತಿನಲ್ಲೇ ಅದನ್ನು ಬರೆಯುವ ಒತ್ತಾಯವೂ ತಪ್ಪಿತು: 1994ರಲ್ಲಿ ಆದಾಯ ತೆರಿಗೆ ಕಾಯಿದೆಗೆ ಸೇರಿದ 44ಎಇ ಕಲಂ ಹತ್ತು ಗಾಡಿ ಮೀರದ ಮಾಲೀಕರಿಗೆ ಗಾಡಿಯೊಂದಕ್ಕೆ ತಿಂಗಳಿಗೆ ಇಷ್ಟು ಎಂಬ ಅಂದಾಜು ಆದಾಯ ತೋರಿಸುವ ಅವಕಾಶ ಕೊಟ್ಟಿತು. ತೆರಿಗೆಯ ತೊಂದರೆ ನೀಗಿಸಿದ ಒಳ್ಳೆಯ ಸವಲತ್ತು ಅದು. ಆದರೆ ಲೆಕ್ಕದ ಪುಸ್ತಕ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮಾಲೀಕನಿಗೆ ಎಂಬ ಮಾತು ಹಿಂದೆ ಬಿತ್ತು.

ಟ್ರಿಪ್ಪಿನ ಲೆಕ್ಕದ ಕಠಿಣ ಪರೀಕ್ಷೆ ನಡೆದದ್ದು ಅದಿರಿನ ಕಾಲದಲ್ಲಿ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ದಾರಿಯಲ್ಲಿ ಕಾರವಾರ, ಬೇಲೇಕೇರಿ ಬಂದರುಗಳಿಗೆ ಹರಿಯಿತು. ಬಾಡಿಗೆ ಆಸೆ ಹುಟ್ಟಿಸುವಂತಿತ್ತು. ಸಾಲ ಮಾಡಿ ಲಾರಿ ಕೊಂಡವರು ಬಹಳ. ಮಿತಿ ಮೀರಿದ ತೂಕಕ್ಕೆ ಟೈರು, ಪಾಟಾ, ಆಕ್ಸಲ್ ಬೇಗ ಸವೆಯುತ್ತವೆ. ಹೆಚ್ಚುವರಿ ಟನ್ನಿನ ಬಾಡಿಗೆ ಅಂದೇ ಕೈಗೆ ಬಂದರೆ ಅದರ ಖರ್ಚು ತಿಂಗಳುಗಳ ನಂತರ ಬರುತ್ತದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು. ಆದರೆ ಅದರ ಬೆಲೆ ತೆತ್ತವರಲ್ಲಿ ಗಣಿಯ ಒಡೆಯರಲ್ಲದ, ಕಂತು ಬಾಕಿಯಿದ್ದ ಲಾರಿ ಮಾಲೀಕರೂ ಇದ್ದರು. ಗಾಡಿಗಳು ಒಮ್ಮೆಗೇ ಕೆಲಸವಿಲ್ಲದೆ ನಿಂತವು. ಐದಾರು ವರ್ಷ ಓಡಿದರೆ ಮಾತ್ರ ತೀರುವ ಸಾಲವನ್ನು ಒಂದೇ ಸರಕಿನ, ಒಂದೇ ದಾರಿಯ ಬಾಡಿಗೆಯ ಮೇಲೆ ನಿಲ್ಲಿಸಿದ್ದರ ಫಲ ಅದು.

ಬಳಿಕ ಡೀಸೆಲ್ ದರವೂ ಮಾಲೀಕನ ಅಂದಾಜು ಮೀರಿತು. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ದರ ನಿಯಂತ್ರಣ ಬಿಟ್ಟಿತು. 2017ರ ಜೂನ್ 16ರಿಂದ ದೇಶದಾದ್ಯಂತ ದರ ದಿನವೂ ಬದಲಾಗತೊಡಗಿತು. ಅದೇ ವರ್ಷದ ಜುಲೈಯಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು, ಗಡಿಯಲ್ಲಿ ಕಾಯುವ ಹೊತ್ತು ಕಡಿಮೆಯಾಯಿತು.

ಪೂರ್ತಿ ಲೆಕ್ಕ ಹಾಕುವ ಬಗೆಯನ್ನು ಊಹೆಯ ಅಂಕಿಗಳಿಂದ ತೋರಿಸಬಹುದು. ₹35 ಲಕ್ಷದ ಲಾರಿ 8 ವರ್ಷಕ್ಕೆ ₹11 ಲಕ್ಷಕ್ಕೆ ಮಾರಾಟವಾದರೆ ಸವಕಳಿ ವರ್ಷಕ್ಕೆ ₹3 ಲಕ್ಷ. ಬಡ್ಡಿ ₹2 ಲಕ್ಷ, ವಿಮೆ, ತೆರಿಗೆ, ಪರ್ಮಿಟ್ ಸೇರಿ ₹1 ಲಕ್ಷ, ಡ್ರೈವರನ ಸಂಬಳ ₹2.4 ಲಕ್ಷ. ಒಟ್ಟು ₹8.4 ಲಕ್ಷ, ಓಡಲಿ, ನಿಲ್ಲಲಿ, ದಿನಕ್ಕೆ ಸುಮಾರು ₹2,300. ಡೀಸೆಲ್ ಲೀಟರಿಗೆ ₹90, ಲೀಟರಿಗೆ 4 ಕಿ.ಮೀ. ಎಂದರೆ ಕಿಲೋಮೀಟರಿಗೆ ₹22.50. ₹20,000ದ ಹತ್ತು ಟೈರು 80,000 ಕಿ.ಮೀ. ಓಡಿದರೆ ₹2.50. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ.; ಹೋಗಿಬರಲು 820. ಲೋಡು, ಅನ್‌ಲೋಡು, ಕಾಯುವುದು ಸೇರಿ ನಾಲ್ಕು ದಿನ ಹಿಡಿದರೆ ಡೀಸೆಲ್ ₹18,450, ಟೈರು ₹2,050, ನಾಲ್ಕು ದಿನದ ನಿಂತ ಖರ್ಚು ₹9,200: ಟೋಲ್, ಭತ್ತೆ, ದುರಸ್ತಿ ಬಿಟ್ಟು ₹29,700. ಇದರಲ್ಲಿ ₹11,250 ಟ್ರಿಪ್ ಚೀಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮರಳಿ ಖಾಲಿ ಬಂದರೆ ತುಂಬಿ ಓಡಿದ ಕಿಲೋಮೀಟರಿಗೆ ಬೀಳುವ ಖರ್ಚು ಸುಮಾರು ₹72. ಅಷ್ಟೇ ದಿನಗಳಲ್ಲಿ ರಿಟರ್ನ್ ಲೋಡ್ ಸಿಕ್ಕರೆ ₹36. ಅದಕ್ಕಾಗಿ ಒಂದು ದಿನ ಹೆಚ್ಚು ಕಾದರೆ ₹2,300 ಸೇರುತ್ತದೆ. ಎಷ್ಟು ದಿನ ಕಾಯಬಹುದು, ಎಷ್ಟು ಕಡಿಮೆ ಬಾಡಿಗೆಗೆ ಒಪ್ಪಬಹುದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇಲ್ಲಿ ಕಂತನ್ನೂ ಸವಕಳಿಯನ್ನೂ ಒಟ್ಟಿಗೆ ಸೇರಿಸಬಾರದು. ಕಂತಿನಲ್ಲಿ ಖರ್ಚೆನಿಸುವುದು ಬಡ್ಡಿ ಮಾತ್ರ. ಅಸಲಿನ ಭಾಗ ಗಾಡಿಯ ಬೆಲೆಯೇ, ಅದು ಸವಕಳಿಯ ರೂಪದಲ್ಲಿ ಆಗಲೇ ಲೆಕ್ಕಕ್ಕೆ ಬಂದಿದೆ. ಮಾಲೀಕನೇ ಡ್ರೈವರ್ ಆಗಿದ್ದರೂ ಸಂಬಳ ಬರೆಯಲೇಬೇಕು, ಇಲ್ಲದಿದ್ದರೆ ಅವನ ಕೂಲಿಯೇ ಲಾಭದ ವೇಷ ಹಾಕುತ್ತದೆ. ಸಾಲ ತೀರಿದ ಲಾರಿ ಬಿಟ್ಟಿಯಾಗಿ ಓಡುತ್ತದೆಂದು ನಂಬಿ ಬಾಡಿಗೆ ಇಳಿಸುವ ರೂಢಿಯೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದೆ, ಯಾಕೆಂದರೆ ಅದು ಪೇಟೆಯ ದರವನ್ನೇ ಎಳೆದು ಇಳಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದು ಹೊಸ ಲಾರಿಯ ಬೆಲೆ ಏರಿದಾಗ, ಸವಕಳಿಯ ಹಣ ಎತ್ತಿಡದವರಿಗೆ ಹಳೆಯ ಗಾಡಿ ಮಾರಿ ಬಂದ ದುಡ್ಡು ಬಿಟ್ಟರೆ ಉಳಿದದ್ದೆಲ್ಲ ಮತ್ತೆ ಸಾಲವೇ ಆಯಿತು.