ಹೈಸ್ಕೂಲು ಗಣಿತಕ್ಕೆ ಒಂದೇ ಕಂಪ್ಯೂಟರ್: ಗುಜರಾತ್, ದೆಹಲಿ ಅಧ್ಯಯನಗಳ ಮರುಓದು

ಬಡ ಶಾಲೆಗಳಿಗೆ ಯಂತ್ರ ಹಂಚಿದ ಮಾತ್ರಕ್ಕೆ ಗಣಿತ ಕಲಿಕೆ ಸುಧಾರಿಸದು ಎಂಬುದರಲ್ಲಿ ಈಗ ಹೆಚ್ಚು ತಕರಾರಿಲ್ಲ. ಪೆರುವಿನಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯಿಂದ ಗಣಿತದ ಅಂಕಗಳು ಏರಲಿಲ್ಲ. ವಡೋದರದಲ್ಲಿ ಇಬ್ಬರಿಗೊಂದು ಕಂಪ್ಯೂಟರಿನಂತೆ ವಾರಕ್ಕೆ ಎರಡೇ ಗಂಟೆ ಗಣಿತದ ಆಟ ಆಡಿಸಿದಾಗ, ಎರಡನೆಯ ವರ್ಷದಲ್ಲಿ 0.47 ಮಾನಕ ವಿಚಲನೆಯಷ್ಟು ಏರಿದವು.

ನನ್ನ ತಕರಾರು ಮುರಳೀಧರನ್, ಸಿಂಗ್ ಮತ್ತು ಗನಿಮಿಯನ್ 2019ರಲ್ಲಿ ಪ್ರಕಟಿಸಿದ ದೆಹಲಿ ಅಧ್ಯಯನವನ್ನು ನಾವು ಓದುತ್ತಿರುವ ರೀತಿಯ ಬಗ್ಗೆ. ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸುವ ಅವಕಾಶ ಪಡೆದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37 ಮಾನಕ ವಿಚಲನೆ ಮುಂದೆ ಹೋದರು. ಈ ಅಂಕಿಯನ್ನು ಹಿಡಿದು ‘ಪ್ರತಿ ಮಗುವಿಗೂ ಒಂದು ಪರದೆ’ ಎನ್ನುವವರು ಎರಡು ಸಂಗತಿಗಳನ್ನು ಬಿಡುತ್ತಾರೆ. ಇದು ಶಾಲೆ ಬಿಟ್ಟ ಮೇಲಿನ ಹೆಚ್ಚುವರಿ ಸಮಯ. ಅದರಲ್ಲೂ ತೊಂಬತ್ತು ನಿಮಿಷಗಳಲ್ಲಿ ಅರ್ಧ ಮಾತ್ರ ಯಂತ್ರದ್ದು, ಉಳಿದರ್ಧ ಸಣ್ಣ ಗುಂಪಿಗೆ ಮನುಷ್ಯರು ಮಾಡಿದ ಪಾಠ. ತಂತ್ರಾಂಶವಿಲ್ಲದ ಗುಂಪುಪಾಠದಿಂದ ದೆಹಲಿಯಲ್ಲೇ ಫಲ ಸಿಕ್ಕಿರಲಿಲ್ಲ ಎಂಬ ಲೇಖಕರ ಉತ್ತರಕ್ಕೆ ತೂಕವಿದೆ. ಆದರೆ ಪಾಠವೊಂದೇ ಸಾಲದು ಎಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಯಂತ್ರವೊಂದೇ ಸಾಕು ಎಂದಲ್ಲ.

ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ತರಗತಿಗಳಲ್ಲಿ ಅರ್ಥಶಾಸ್ತ್ರಜ್ಞ ಲಿಂಡನ್ ನಡೆಸಿದ ಪ್ರಯೋಗ ಇಲ್ಲಿ ನಿರ್ಣಾಯಕ. ಗಣಿತದ ಒಂದೇ ಕಂಪ್ಯೂಟರ್ ಕಾರ್ಯಕ್ರಮವನ್ನು ಶಾಲೆಯ ಹೊತ್ತಿನ ಆಚೆ ನಡೆಸಿದಾಗ 0.28ರಷ್ಟು ಲಾಭ, ಶಿಕ್ಷಕರ ಪಾಠದ ಹೊತ್ತನ್ನು ಕಿತ್ತುಕೊಂಡು ನಡೆಸಿದಾಗ 0.57ರಷ್ಟು ನಷ್ಟ. ಎಷ್ಟು ಯಂತ್ರಗಳಿವೆ ಎನ್ನುವುದಕ್ಕಿಂತ ಅವು ಯಾರ ಹೊತ್ತನ್ನು ತಿನ್ನುತ್ತವೆ ಎನ್ನುವುದು ಮುಖ್ಯ.

ಹಳ್ಳಿಯ ಹೈಸ್ಕೂಲಿನಲ್ಲಿ ಹೆಚ್ಚುವರಿ ಗಂಟೆ ಸುಲಭಕ್ಕೆ ಸಿಗದು. ಸಂಜೆಯ ಬಸ್ಸು ತಪ್ಪಿದರೆ ಮಕ್ಕಳು ಮನೆ ಸೇರುವುದು ಹೇಗೆ? ಆದ್ದರಿಂದ, ರೇಖಾಗಣಿತದ ಮಟ್ಟಿಗಾದರೂ, ಪಾಠದ ಹೊತ್ತನ್ನು ಕಿತ್ತುಕೊಳ್ಳದೆ ಶಿಕ್ಷಕರೇ ತಮ್ಮ ಪಿರಿಯಡ್ಡಿನೊಳಗೆ ಬಳಸುವ ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಸರದಿ ಕಾಯಿಸುವ ಲ್ಯಾಬಿಗಿಂತ ಮೇಲಾಗಬಹುದು ಎಂದು ನನಗನಿಸುತ್ತದೆ. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ವೃತ್ತ ಎಳೆದು, ಜ್ಯಾ ಒಂದು ದೊಡ್ಡ ಕಂಸದ ಮೇಲಿನ ಬಿಂದುವಿನಲ್ಲಿ ಉಂಟುಮಾಡುವ ಕೋನವನ್ನು ಅಳೆಯಿರಿ: 50 ಡಿಗ್ರಿ ಎನ್ನೋಣ. ಬಿಂದುವನ್ನು ಆ ಕಂಸದುದ್ದಕ್ಕೂ ಎಳೆದರೂ ಅಂಕಿ ಕದಲುವುದಿಲ್ಲ. ಜ್ಯಾದ ತುದಿ ದಾಟಿ ಚಿಕ್ಕ ಕಂಸಕ್ಕೆ ಬಂದೊಡನೆ 130ಕ್ಕೆ ಜಿಗಿಯುತ್ತದೆ. ದಾಟಿಸುವ ಮೊದಲು ಏನಾದೀತೆಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಬಳಿಕ ಇಡೀ ತರಗತಿ ವಾದಿಸಲು ಒಂದೇ ವಿಷಯ ಸಿಗುತ್ತದೆ. ಚಕ್ರೀಯ ಚತುರ್ಭುಜದ ಪ್ರಮೇಯ ಅಲ್ಲಿಂದ ಒಂದೇ ಹೆಜ್ಜೆ. ಸಾಧನೆ ಮಾತ್ರ ಕರಿಹಲಗೆಯ ಮೇಲೇ ನಡೆಯಬೇಕು.

ಈ ವಾದಕ್ಕೆ ಮಿತಿಗಳಿವೆ. ಲಿಂಡನ್ ನೋಡಿದ್ದು ಪ್ರಾಥಮಿಕ ತರಗತಿಯ ಮಕ್ಕಳನ್ನು, ಅದೂ ಪಾಠ ಚೆನ್ನಾಗಿ ನಡೆಯುತ್ತಿದ್ದ ಕಡೆ. ಗಣಿತ ಶಿಕ್ಷಕರ ಹುದ್ದೆಯೇ ಖಾಲಿಯಿರುವಲ್ಲಿ ಲೆಕ್ಕ ಬೇರೆಯಾದೀತು. ಭಿನ್ನರಾಶಿಯಲ್ಲೇ ನಿಂತ ಒಂಬತ್ತನೆಯ ತರಗತಿಯ ಹುಡುಗಿಗೆ ಎಲ್ಲರ ಎದುರಿನ ಪರದೆ ಸಾಲದು. ಅವಳ ಮಟ್ಟದಿಂದಲೇ ಆರಂಭಿಸುವುದು ಮೈಂಡ್‌ಸ್ಪಾರ್ಕಿನ ನಿಜವಾದ ಬಲ. ಆದರೂ ದೆಹಲಿಯ ಮಕ್ಕಳ ಶಾಲಾ ಪರೀಕ್ಷೆಯ ಗಣಿತದ ಅಂಕಗಳಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಒಂದೇ ಶಾಲೆಯಲ್ಲಿ, ಅದೇ ಶಿಕ್ಷಕರ ಕೈಯಲ್ಲಿ ಎಲ್ಲರ ಎದುರಿನ ಒಂದು ಪರದೆ, ಪ್ರತಿ ಮಗುವಿಗೊಂದು ಪರದೆ ಎಂಬ ಎರಡೂ ವಿಧಾನಗಳನ್ನು ಹೋಲಿಸುವ ತನಕ, ಬೀಜಗಣಿತಕ್ಕೆ ನನ್ನ ವಾದ ಎಷ್ಟು ಸಲ್ಲುತ್ತದೆ ಎಂಬುದನ್ನು ತೀರ್ಮಾನಿಸದೆ ಬಿಡುವುದೇ ಸರಿ.